ನಂಬುಗೆಯ ಪಲ್ಲಟ: ನಮ್ಮ ಸೀಮೆಯ ಕೆಲವು ಕಥನಗಳು

ಮನುಷ್ಯನು ಒಂದು ಮಾತನ್ನು ಯಾವ ಆಧಾರದ ಮೇಲೆ ನಂಬತಕ್ಕುದೆಂಬುದನ್ನು ನಮ್ಮ ಶಾಸ್ತ್ರಕಾರರು ಬಹು ವಿಸ್ತಾರವಾಗಿ ವಿಚಾರಿಸಿದ್ದಾರೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಎಣಿಸಿದರು. ಭಾಟ್ಟ ಮೀಮಾಂಸಕರು ಇನ್ನೆರಡನ್ನು ಕೂಡಿಸಿದರು. ಚಾರ್ವಾಕನು ಒಂದೇ ಸಾಕೆಂದನು. ಆದರೆ ಇವೆಲ್ಲವೂ ನಂಬತಕ್ಕ ಕ್ರಮದ ವಿಚಾರ. ಲೋಕದಲ್ಲಿ ಜನರು ನಿಜವಾಗಿ ನಂಬುವ ಕ್ರಮ ಬೇರೆ. ನಂಬಿದುದನ್ನು ಬಿಡುವ ಕ್ರಮವಂತೂ ಇನ್ನೂ ಬೇರೆ. ಪಾಠಶಾಲೆಯ ವಾಕ್ಯಾರ್ಥಸಭೆಗಳನ್ನು ಕಂಡವರಿಗೆ ಇದು ಗೊತ್ತು. ಪೂರ್ವಪಕ್ಷವನ್ನು ಹಿಡಿದವನು ಉತ್ತರ ತೋರದೆ ಸುಮ್ಮನಾಗುವುದುಂಟು. ಆದರೆ ಮರುದಿನ ಬೆಳಗ್ಗೆ ಅವನು ತನ್ನ ಮತವನ್ನು ಬಿಟ್ಟು ಬಂದುದನ್ನು ನಾನು ಕಂಡಿಲ್ಲ. ಇರುಳೆಲ್ಲ ಎಚ್ಚರವಿದ್ದು ಹೊಸ ಯುಕ್ತಿಯೊಂದನ್ನು ಹುಡುಕಿಕೊಂಡೇ ಬಂದಿರುತ್ತಾನೆ.

ಆದುದರಿಂದ ಈ ವಿಷಯದಲ್ಲಿ ಶಾಸ್ತ್ರಕಾರರಿಗಿಂತ ಕವಿಗಳನ್ನು ಕೇಳುವುದು ಮೇಲು. ಹಾಗೆ ಕೇಳುವುದಕ್ಕೆ ದೂರ ಹೋಗಬೇಕಾದುದೂ ಇಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಮತ್ತು ಬಳ್ಳಿಗಾವೆಗಳು ಒಂದರಿಂದೊಂದಕ್ಕೆ ಬಿಸಿಲೇರುವುದರೊಳಗೆ ನಡೆದು ಮುಟ್ಟಬಹುದಾದಷ್ಟು ಸಮೀಪದ ಊರುಗಳು. ಮೊದಲನೆಯದರ ಕಂಬದಲ್ಲಿ ಮಯೂರಶರ್ಮನ ಮನಸ್ಸು ತಿರುಗಿದ ಕಥೆ ಕೆತ್ತಿದೆ. ಎರಡನೆಯದು ಅಲ್ಲಮನ ಮನಸ್ಸು ತಿರುಗಿದ ಊರು. ಈ ಎರಡು ಕಥೆಗಳನ್ನು ಮೊದಲು ಹೇಳಿದವರು ಹೇಗೆ ಹೇಳಿದರು, ಅನಂತರದವರು ಅದನ್ನು ಏನು ಮಾಡಿದರು ಎಂಬುದೇ ಈ ಲೇಖನದ ವಿಷಯ.

ತಾಳಗುಂದದ ಸ್ತಂಭಶಾಸನವು ಐದನೆಯ ಶತಮಾನದ್ದು. ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ. ರೈಸ್ ಸಾಹೇಬರು 1902ರಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳ ಸಂಪುಟವನ್ನು ಹೊರಡಿಸಿದಂದಿನಿಂದ ಇತಿಹಾಸಕಾರರು ಇದನ್ನು ವಂಶಾವಳಿಗಾಗಿ ಓದುತ್ತ ಬಂದಿದ್ದಾರೆ. ಕಾವ್ಯವಾಗಿ ಓದಿದವರು ಕಡಮೆ. ಕಥೆ ಎಲ್ಲರಿಗೂ ತಿಳಿದದ್ದೇ: ಮಾನವ್ಯಗೋತ್ರದ ಬ್ರಾಹ್ಮಣ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಅಧ್ಯಯನಕ್ಕೆಂದು ಹೋದನು, ಅಲ್ಲಿ ಪಲ್ಲವರ ಕುದುರೆಯ ಸಂಬಂಧವಾಗಿ ಒಂದು ಕಲಹವಾಯಿತು. ಆ ಕಲಹದ ವಿವರವನ್ನು ಕವಿ ಬೆಳಸಿಲ್ಲ. ಯಾರು ಏನೆಂದರು, ಯಾರು ಯಾರನ್ನು ನೂಕಿದರು, ಒಂದೂ ಇಲ್ಲ. ಇದು ನನಗೆ ಬಹು ಯುಕ್ತವಾಗಿ ಕಾಣುತ್ತದೆ. ಮನಸ್ಸನ್ನು ತಿರುಗಿಸಿದ ಪೆಟ್ಟು ಹೊರಗಿನವರಿಗೆ ಯಾವಾಗಲೂ ಅಲ್ಪವಾಗಿಯೇ ತೋರುವುದು.

ಕವಿ ನಿಂತು ಹೇಳುವುದು ಮಯೂರಶರ್ಮನ ಒಳಗಿನ ಯೋಚನೆಯನ್ನು. ಅವನಿಗೆ ಬಂದುದು ಬರಿಯ ಕೋಪವಲ್ಲ, ಒಂದು ತರ್ಕ. ಗುರುಕುಲದಲ್ಲಿ ಶುಶ್ರೂಷೆ ಮಾಡಿ, ಶ್ರಮಪಟ್ಟು ಶಾಖೆಯನ್ನು ಓದಿದ ಮೇಲೂ ಬ್ರಹ್ಮಸಿದ್ಧಿಯು ಅರಸನ ಕೈಯಲ್ಲಿರುವುದಾದರೆ ಇದಕ್ಕಿಂತ ದುಃಖವುಂಟೆ ಎಂದು ಅವನು ಚಿಂತಿಸುತ್ತಾನೆ. ಗಮನಿಸಬೇಕು: ಅವನು ವಿದ್ಯೆಯನ್ನು ಹಳಿಯುವುದಿಲ್ಲ, ಗುರುವನ್ನು ಹಳಿಯುವುದಿಲ್ಲ. ವಿದ್ಯೆ ದೊಡ್ಡದೆಂಬ ಹಳೆಯ ನಂಬುಗೆ ನಿಂತೇ ಇದೆ. ಅದು ದೊಡ್ಡದಾದುದರಿಂದಲೇ ಅದಕ್ಕೆ ಕಾವಲು ಬೇಕೆಂಬ ಹೊಸ ನಂಬುಗೆ ಅದರ ಹೊಟ್ಟೆಯಲ್ಲಿ ಹುಟ್ಟುತ್ತದೆ. ಬಳಿಕ ದರ್ಭೆ ಸಮಿತ್ತು ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯೇ ಕತ್ತಿಯನ್ನು ಹಿರಿಯಿತೆಂದು ಕವಿ ವರ್ಣಿಸುತ್ತಾನೆ. ಕೈ ಅದೇ. ಇಷ್ಟು ಚಿಕ್ಕ ವರ್ಣನೆಯಲ್ಲಿ ಕುಬ್ಜನು ಹೇಳಿದುದನ್ನು ಮನಶ್ಶಾಸ್ತ್ರದ ದೊಡ್ಡ ಗ್ರಂಥಗಳು ಅಧ್ಯಾಯಗಟ್ಟಳೆ ಹೇಳುತ್ತವೆ: ಯಾರೂ ತಮ್ಮ ಹಳೆಯ ಮನೆಯನ್ನು ಪೂರ್ತಿ ಕೆಡವಿ ಹೊಸದನ್ನು ಕಟ್ಟುವುದಿಲ್ಲ, ಹಳೆಯ ತೊಲೆಗಳನ್ನೇ ಬೇರೆ ಕಡೆ ಕೂರಿಸುತ್ತಾರೆ. ಇನ್ನೊಂದು ಸೂಕ್ಷ್ಮವುಂಟು. ಅರಸನಾದ ಮೇಲೂ ಆ ಕಂಬದಲ್ಲಿ ಅವನು ಮಯೂರಶರ್ಮನೇ. ಅವನ ಮಗ ಕಂಗವರ್ಮ. ಶರ್ಮವು ವರ್ಮವಾಗುವುದಕ್ಕೆ ಒಂದು ತಲೆಮಾರು ಹಿಡಿಯಿತು.

ಈಗ ಇದೇ ಕಥೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದ ರೂಪವನ್ನು ನೋಡೋಣ. 1975ರಲ್ಲಿ ತೆರೆಗೆ ಬಂದ ‘ಮಯೂರ’ ಚಲಚ್ಚಿತ್ರದಲ್ಲಿ ನಾಯಕನು ತಾನು ಬ್ರಾಹ್ಮಣನೆಂದು ತಿಳಿದು ಬೆಳೆದವನು. ಮುಂದೆ ತಾನು ಕದಂಬರ ರಾಜಕುಮಾರನೆಂದು ಅವನಿಗೆ ತಿಳಿಯುತ್ತದೆ. ಚಿತ್ರ ಸೊಗಸಾಗಿದೆ, ರಾಜಕುಮಾರರ ಅಭಿನಯವನ್ನು ನಾನೂ ಮೆಚ್ಚಿದವನು. ಆದರೆ ಕಥೆಯ ಪ್ರಾಣ ಎಲ್ಲಿಗೆ ಹೋಯಿತು? ಕುಬ್ಜನ ಮಯೂರಶರ್ಮನು ಬದಲಾದನು. ಚಿತ್ರದ ಮಯೂರನು ತಾನು ಮೊದಲಿನಿಂದ ಏನಾಗಿದ್ದನೋ ಅದನ್ನು ತಿಳಿದುಕೊಂಡನು, ಅಷ್ಟೆ. ಕತ್ತಿ ಅವನ ರಕ್ತದಲ್ಲಿಯೇ ಇತ್ತು. ಮನಸ್ಸು ತಿರುಗುವ ಕಷ್ಟವೇ ಅವನಿಗೆ ಬರಲಿಲ್ಲ.

ಇದು ಈ ಕಾಲದ ಚಲಚ್ಚಿತ್ರಗಳ ದೋಷವೆಂದು ಹಳಿದು ಬಿಡುವಂತಿಲ್ಲ. ನಮ್ಮ ಒಳ್ಳೆಯ ಹಳೆಯ ಕವಿಯೊಬ್ಬನು ಅಲ್ಲಮನ ವಿಷಯದಲ್ಲಿ ಮಾಡಿದುದೂ ಇದನ್ನೇ.

ಹನ್ನೆರಡನೆಯ ಶತಮಾನದ ಬಳ್ಳಿಗಾವೆ ಎಂತಹ ಊರಾಗಿತ್ತೆಂಬುದನ್ನು 1162ರ ಶಾಸನವು ಹೇಳುತ್ತದೆ. ಅಲ್ಲಿಯ ಕೋಡಿಯ ಮಠದಲ್ಲಿ ವೇದಗಳು, ಕೌಮಾರ ಪಾಣಿನೀಯ ಶಾಕಟಾಯನವೆಂಬ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳಸಿದ್ಧಾಂತ, ಬೌದ್ಧಮತದ ವಿಚಾರಗಳು ಎಲ್ಲವೂ ವ್ಯಾಖ್ಯಾನವಾಗುತ್ತಿದ್ದುವು. ಅದಕ್ಕೆ ನೂರು ವರ್ಷದ ಹಿಂದೆ ಆ ಊರಿನಲ್ಲಿ ಬೌದ್ಧವಿಹಾರವೂ ಎದ್ದಿತ್ತು. ಮತವನ್ನು ಮತದೊಡನೆ ತೂಗಿ ನೋಡುವುದಕ್ಕೆ ಅದಕ್ಕಿಂತ ಯೋಗ್ಯವಾದ ಸ್ಥಳ ಕರ್ಣಾಟಕದಲ್ಲಿ ಇದ್ದಿರಲಾರದು. ಆದರೆ ಹರಿಹರನು ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮನನ್ನು ಆ ಮಠಗಳ ಬಾಗಿಲಿಗೆ ಕರೆದೊಯ್ಯುವುದಿಲ್ಲ. ಅವನ ಅಲ್ಲಮನು ಮದ್ದಳೆಗಾರ. ಕಾಮಲತೆಯೆಂಬವಳಲ್ಲಿ ಅನುರಕ್ತನಾಗಿ ಅವಳನ್ನು ಕೂಡಿ ಬಾಳುತ್ತಿರಲು, ಅವಳು ಜ್ವರ ಬಂದು ತೀರಿಕೊಳ್ಳುತ್ತಾಳೆ. ಅವನು ಮರುಳನಂತೆ ಅಲೆದು, ಒಂದು ತೋಪಿನಲ್ಲಿ ಕುಳಿತು, ಮನಸ್ಸು ಎಲ್ಲಿಯೋ ಇರಲು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಾನೆ. ಮಣ್ಣಿನಲ್ಲಿ ಹೊನ್ನ ಕಳಶವೊಂದು ಕಾಣುತ್ತದೆ. ಅಗೆಯಿಸಿದರೆ ಕೆಳಗೆ ಗುಡಿ. ಗುಡಿಯೊಳಗೆ ಕಣ್ಣೆವೆ ಇಕ್ಕದೆ ಕುಳಿತ ಅನಿಮಿಷಯ್ಯ. ಅವನ ಕೈಯ ಲಿಂಗವು ಇವನ ಕೈಗೆ ಬರುವಾಗಲೇ ಅವನ ಪ್ರಾಣ ಹೋಗುತ್ತದೆ.

ಆ ಕಾಲುಗುರಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ಅಲ್ಲಮನು ಸತ್ಯವನ್ನು ಹುಡುಕುತ್ತಿಲ್ಲ, ಏನನ್ನೂ ಹುಡುಕುತ್ತಿಲ್ಲ. ದುಃಖಿಗಳು ಕುಳಿತಲ್ಲಿ ಹುಲ್ಲು ಕೀಳುವಂತೆ ಅವನು ನೆಲ ಕೆರೆಯುತ್ತಿದ್ದಾನೆ. ಹಿಂದಿನ ಬಾಳಿಗೆ ಅರ್ಥ ಕೊಟ್ಟಿದ್ದ ಒಂದು ಜೀವ ಹೋಗಿ ಮನಸ್ಸು ಬರಿದಾಗಿದೆ. ಕಾಲ ಬೆರಳಿಗೆ ಕೆಲಸವಿಲ್ಲ. ಎಚ್ಚರವಿರುವ ಬುದ್ಧಿ ಬಾಗಿಲು ಹಾಕಿಕೊಂಡಿರುವಾಗ ಒಳಗಿನದೊಂದು ಕೆರೆಯುತ್ತಿರುತ್ತದೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ಕಾಣಿಸಿದ ಕವಿ ನನಗೆ ತಿಳಿದಂತೆ ಕನ್ನಡದಲ್ಲಿಲ್ಲ. ಹರಿಹರನೂ ಕಥೆಗೆ ಕೈಲಾಸದ ಪೀಠಿಕೆಯೊಂದನ್ನು ಇಟ್ಟಿದ್ದಾನೆ, ನಿಜ. ಆದರೆ ಭೂಮಿಗೆ ಇಳಿದ ಮೇಲೆ ಅವನ ಅಲ್ಲಮನು ಪೂರ್ತಿಯಾಗಿ ಭೂಮಿಯವನು.

ಎರಡು ಶತಮಾನಕ್ಕೂ ಮಿಕ್ಕಿ ಕಳೆದ ಮೇಲೆ, ಪ್ರೌಢದೇವರಾಯನ ಕಾಲದ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ಬರೆದನು. ಇಪ್ಪತ್ತೈದು ಗತಿ, 1111 ಭಾಮಿನೀ ಷಟ್ಪದಿ. ಅದರ ಓಟಕ್ಕೆ ಮನಸೋಲದವರಿಲ್ಲ. ಇಲ್ಲಿ ಕಾಮಲತೆಯ ಸುದ್ದಿಯೇ ಇಲ್ಲ. ಪಾರ್ವತಿಯ ತಾಮಸ ಕಳೆಯು ಬನವಸೆಯ ಮಮಕಾರರಾಜನ ಮಗಳು ಮಾಯೆಯಾಗಿ ಹುಟ್ಟುತ್ತಾಳೆ. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುವ ಪ್ರಭುವನ್ನು ಕಂಡು ಮೋಹಗೊಳ್ಳುವವಳು ಅವಳು. ಪ್ರಭುವು ಕೈಗೆ ಸಿಕ್ಕುವವನಲ್ಲ. ಅವನು ಬಂದಾಗಲೂ ನಿರ್ಲಿಪ್ತ, ಹೋದಾಗಲೂ ನಿರ್ಲಿಪ್ತ. ಬದಲಾಗುವವರೆಲ್ಲರೂ ಅವನಿಗೆ ಎದುರಾದವರು: ಕಲ್ಲೊಡ್ಡನೆಂದು ಕರೆಸಿಕೊಂಡು ಕಿಡಿಯಾದ ಸೊನ್ನಲಿಗೆಯ ಸಿದ್ಧರಾಮ, ವಜ್ರಕಾಯದ ಗರ್ವದ ಗೋರಕ್ಷ. ಗೋರಕ್ಷನ ಪ್ರಸಂಗವಂತೂ ಅದ್ಭುತವಾಗಿದೆ. ಅವನ ಮೈಗೆ ತಾಗಿದ ಕತ್ತಿ ಖಣಿಲೆನ್ನುತ್ತದೆ, ಪ್ರಭುವಿನ ಮೈಯಲ್ಲಿ ಅದೇ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಅಂದರೆ ಚಾಮರಸನಿಗೆ ಮನಃಪರಿವರ್ತನೆಯನ್ನು ಬಣ್ಣಿಸುವ ಶಕ್ತಿ ಇರಲಿಲ್ಲವೆಂದಲ್ಲ. ಪೂಜ್ಯನಾದವನಿಗೆ ಅದು ಒಪ್ಪದೆಂದು ಅವನು ಬಗೆದನು. ಉಡುತಡಿಯ ಮಹಾದೇವಿಯ ಕಥೆಯಲ್ಲಿಯೂ ಹರಿಹರನು ಕೌಶಿಕನೊಡನೆ ವಿವಾಹವನ್ನು ಹೇಳಿದರೆ ಚಾಮರಸನು ಅದನ್ನು ತಪ್ಪಿಸುತ್ತಾನೆ. ಭಕ್ತಿಯ ದೃಷ್ಟಿಯಿಂದ ಇದು ಮೇಲೆಂದು ವಾದಿಸುವವರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಕಾವ್ಯದ ದೃಷ್ಟಿಯಿಂದ ಹರಿಹರನ ಕಾಲುಗುರಿಗೆ ಚಾಮರಸನ ನಿರ್ಲಿಪ್ತತೆ ಸಮವಲ್ಲ.

ಚಾಮರಸನು ಅಲ್ಲಮನಿಗೆ ಮಾಡಿದುದನ್ನೇ ನಾವೆಲ್ಲರೂ ನಮಗೆ ನಾವು ಮಾಡಿಕೊಳ್ಳುತ್ತೇವೆ. 1973ರಲ್ಲಿ ಅಮೆರಿಕದ ಗೋತಲ್ಸ್ ಮತ್ತು ರೆಕ್ಮನ್ ಎಂಬವರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಬಿಳಿಯರ ಮತ್ತು ಕರಿಯರ ಮಕ್ಕಳು ಕೂಡಿ ಕಲಿಯಲೆಂದು ಅವರನ್ನು ಬಸ್ಸುಗಳಲ್ಲಿ ದೂರದ ಶಾಲೆಗಳಿಗೆ ಕಳುಹಿಸುವುದು ಸರಿಯೆ ಎಂದು ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಕೇಳಿ ಉತ್ತರಗಳನ್ನು ಬರೆಯಿಸಿಕೊಂಡರು. ಕೆಲವು ದಿನದ ಮೇಲೆ ಚರ್ಚೆಗೆ ಕೂರಿಸಿ, ಎದುರು ಪಕ್ಷದ ಯುಕ್ತಿಗಳನ್ನು ಚೆನ್ನಾಗಿ ಬಲ್ಲವನೊಬ್ಬನನ್ನು ನಡುವೆ ಸೇರಿಸಿದರು. ಹುಡುಗರ ಅಭಿಪ್ರಾಯ ತಿರುಗಿತು. ಮೊದಲು ಏನು ಬರೆದಿದ್ದಿರಿ, ಜ್ಞಾಪಿಸಿಕೊಂಡು ಬರೆಯಿರಿ ಎಂದು ಕೇಳಿದಾಗ, ಅವರು ತಮ್ಮ ಹೊಸ ಅಭಿಪ್ರಾಯವನ್ನೇ ಹಳೆಯದೆಂದು ಬರೆದುಕೊಟ್ಟರು. ಸುಳ್ಳು ಹೇಳಿದರೆಂದಲ್ಲ; ಹಾಗೆಯೇ ನೆನಪಾಯಿತು. ಪ್ರತಿಯೊಬ್ಬನೂ ತನ್ನ ಲೀಲೆಯನ್ನು ತಾನೇ ಬರೆದುಕೊಂಡನೆನ್ನಬೇಕು. ಗೃಹಸ್ಥರು ತಮ್ಮ ಮನೆಯ ಹಿರಿಯರನ್ನು ಹೆಣ್ಣುಮಕ್ಕಳ ಓದಿನ ವಿಷಯವಾಗಿ ಕೇಳಿ ನೋಡಬಹುದು. ತಾನು ಮೊದಲು ಬೇಡವೆಂದಿದ್ದೆನೆಂದು ಹೇಳುವವರು ಎಷ್ಟು ಮಂದಿ ಸಿಕ್ಕುವರೋ ನೋಡೋಣ.

ಈ ಮರೆವಿನಿಂದ ಆಗುವ ಕೇಡು ಕಾವ್ಯಕ್ಕೆ ಮಾತ್ರವಲ್ಲ. ತಾನು ಬದಲಾದ ಬಗೆಯನ್ನು ಮರೆತವನಿಗೆ ಇನ್ನೂ ಬದಲಾಗದವನು ಮೂರ್ಖನಾಗಿಯೋ ದುಷ್ಟನಾಗಿಯೋ ತೋರುತ್ತಾನೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ವರದಾ ನದಿಯಲ್ಲಿ ಮಿಂದು ವಿವಸ್ತ್ರರಾಗಿ ರೇಣುಕಾಂಬೆಯ ಗುಡಿಗೆ ನಡೆಯುವ ಹರಕೆಯೊಂದು ನಡೆದುಬಂದಿತ್ತು. 1986ರ ಮಾರ್ಚಿಯಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮತ್ತು ಪೋಲೀಸರ ಮೇಲೆ ಜನ ತಿರುಗಿಬಿದ್ದು, ಅವರ ಬಟ್ಟೆಗಳನ್ನೇ ಕಿತ್ತರು. ಅನಂತರ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ನಿಷೇಧವಾದುದು ಒಳ್ಳೆಯದೇ ಆಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಯಾರ ನಂಬುಗೆಯೂ ಬದಲಾಗಲಿಲ್ಲ. ಎರಡು ಕಡೆಯವರದೂ ಗಟ್ಟಿಯಾಯಿತು.

ಈ ಪ್ರಸಂಗವನ್ನು ಹಿಡಿದು ಯು. ಆರ್. ಅನಂತಮೂರ್ತಿಯವರು ಬರೆದ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧವನ್ನು ಶೀರ್ಷಿಕೆಯಿಂದಲೇ ಬೈದವರು ಬಹಳ. ಅವರು ತೀರ್ಥಹಳ್ಳಿಯ ಸೀಮೆಯವರು, ನಮ್ಮ ನೆರೆಯವರೇ. ಪ್ರಬಂಧದಲ್ಲಿ ನನಗೆ ಹೆಚ್ಚಾಗಿ ಕಂಡುದು ಬಾಲ್ಯದ ನೆನಪೊಂದು: ಮರದಡಿಯ ದೈವದ ಕಲ್ಲುಗಳಿಗೆ ತನ್ನ ಮೇಲೆ ಶಕ್ತಿಯಿಲ್ಲವೆಂದು ತನಗೆ ತಾನೇ ತೋರಿಸಿಕೊಳ್ಳಲು ಹುಡುಗನು ಗುಟ್ಟಾಗಿ ಅವಕ್ಕೆ ಅಪಚಾರ ಮಾಡುತ್ತಾನೆ. ನಂಬುಗೆ ಪೂರ್ತಿ ಹೋಗಿದ್ದವನಿಗೆ ಅಂತಹ ಪರೀಕ್ಷೆಯ ಅಗತ್ಯವೇನು? ಹೆದರುತ್ತಿದ್ದುದರಿಂದಲೇ ಮಾಡಿದನು. ತಾನು ಹುಟ್ಟುವಾಗಲೇ ವಿಚಾರವಾದಿಯಾಗಿದ್ದೆನೆಂದು ಹೇಳಿಕೊಳ್ಳದೆ ಆ ನಡುಕವನ್ನು ಉಳಿಸಿಕೊಟ್ಟ ಈ ಲೇಖಕನು ಚಾಮರಸನ ಕಡೆಯವನಲ್ಲ, ಹರಿಹರನ ಕಡೆಯವನು. ಕುಂಕುಮವಿಟ್ಟ ಕಲ್ಲನ್ನು ಚಿತ್ರ ತೆಗೆಯಲು ಹೊರಗೆ ತರಿಸಿದ ಕಲಾವಿದನು ಮೈಲಿಗೆಯಾಯಿತೇನೋ ಎಂದು ನೊಂದುಕೊಂಡಾಗ, ಅಡ್ಡಿಯಿಲ್ಲ, ಬೇರೊಂದು ಕಲ್ಲನ್ನು ತಂದು ಕುಂಕುಮವಿಡುತ್ತೇನೆ ಎಂದ ರೈತನ ಮಾತನ್ನು ಅವರು ಅಲ್ಲಿಯೇ ಹೇಳುತ್ತಾರೆ. ಆ ಮಾತಿಗೆ ಯಾವ ನೈಯಾಯಿಕನು ಖಂಡನೆ ಬರೆಯಬಲ್ಲನು?

ಆದರೂ ಪ್ರಬಂಧದಲ್ಲಿ ಒಂದು ಕೊರತೆಯುಂಟು. ಅದರ ನಡುವೆ ನಿಂತಿರುವುದು ಓದಿದವನೊಬ್ಬನ ಮನಸ್ಸು. ಅವನ ಸಂದೇಹ, ಅವನ ಪಾಪಪ್ರಜ್ಞೆ. ಹೆಂಡತಿಯನ್ನು ಕಳೆದುಕೊಂಡ ಮದ್ದಳೆಗಾರನ ಒಳಗನ್ನು ಹರಿಹರನು ಹೊಕ್ಕಂತೆ, ವರದೆಯಲ್ಲಿ ಮಿಂದು ಗುಡ್ಡದ ಕಡೆ ನಡೆದ ಹೆಂಗಸೊಬ್ಬಳ ಒಳಗನ್ನು ಅದು ಹೊಗುವುದಿಲ್ಲ. ಅವಳ ಹರಕೆ ಮಗುವಿಗಾಗಿಯೋ, ಬೇನೆಗಾಗಿಯೋ. ನಿಷೇಧವಾದ ಮೇಲೆ ಅದನ್ನು ಅವಳು ಹೇಗೆ ತೀರಿಸಿದಳು, ದೇವಿ ಮುನಿಯುವಳೆಂಬ ಅಂಜಿಕೆ ಎಷ್ಟು ವರ್ಷಕ್ಕೆ ಹೋಯಿತು, ಮಗಳಿಗೆ ಏನೆಂದು ಹೇಳಿದಳು? ಸೊರಬದ ಕಡೆಯ ಊರುಗಳಲ್ಲಿ ಆ ದಿನಗಳನ್ನು ಕಂಡ ಅಜ್ಜಿಯರು ಇನ್ನೂ ಇದ್ದಾರೆ. ನಮ್ಮ ಜಿಲ್ಲೆಯ ತರುಣ ಲೇಖಕರಿಗೆ ಬಸ್ಸಿನ ದಾರಿಯುಂಟು.