ಕರುಳಿನ ಸೂಕ್ಷ್ಮಜೀವಿಗಳು ಮತ್ತು ಮರೆಗುಳಿತನ: ಸಹಕಾರಿ ಸಂಶೋಧನೆಯ ಒಂದು ವಿಮರ್ಶೆ

ಮುಪ್ಪಿನಲ್ಲಿ ಬುದ್ಧಿ ಕುಂದುವುದನ್ನು ನಮ್ಮ ಜನ ಬಹುಕಾಲದಿಂದ ಬಲ್ಲರು. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯೇ ಅದಕ್ಕೆ ಸಾಕ್ಷಿ. ಆದರೆ ಗಾದೆಯು ಯಾವುದನ್ನು ವಯೋಧರ್ಮವೆಂದು ಬಗೆಯಿತೋ ಅದನ್ನು ಇಂದಿನ ವೈದ್ಯಶಾಸ್ತ್ರವು ಡಿಮೆನ್ಷಿಯಾ ಎಂಬ ವ್ಯಾಧಿಯಾಗಿ ಗುರುತಿಸಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ಒಳಗಾಗಿದ್ದಾರೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು.

ಈ ವ್ಯಾಧಿಗೂ ಕರುಳಿನ ಸೂಕ್ಷ್ಮಜೀವಿಗಳಿಗೂ ಸಂಬಂಧವುಂಟೆಂಬ ವಿಚಾರ ಈಗ ವಿದ್ವತ್‌ಲೋಕದಲ್ಲಿ ಪ್ರಬಲವಾಗಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಲ್ಜೈಮರ್ ರೋಗಿಗಳ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಕಡಮೆಯಾಗಿದ್ದುದು ಕಂಡುಬಂದಿತು. ಆದರೆ ಅಲ್ಲಿ ಪರೀಕ್ಷೆಗೊಳಗಾದ ರೋಗಿಗಳು 25 ಮಂದಿ, ಹೋಲಿಕೆಗೆಂದು ಆರಿಸಿದ ನಿರೋಗಿಗಳೂ 25 ಮಂದಿ ಮಾತ್ರ. ಇದಲ್ಲದೆ, ಮರೆವು ಬಂದವನು ಹೊತ್ತಿಗೆ ಸರಿಯಾಗಿ ಉಣ್ಣಲಾರ. ಅವನ ಆಹಾರ ಬದಲಾಗುತ್ತದೆ, ಔಷಧಗಳು ಸೇರುತ್ತವೆ. ಕರುಳು ಕೆಟ್ಟುದರಿಂದ ಮರೆವೋ, ಮರೆವಿನಿಂದ ಕರುಳು ಕೆಟ್ಟಿತೋ ಎಂಬುದು ಒಮ್ಮೆ ಮಾತ್ರ ನೋಡಿದರೆ ತಿಳಿಯದು. ಆದುದರಿಂದ ಸಹಸ್ರಾರು ಜನರನ್ನು ಹಲವು ವರ್ಷ ಹಿಂಬಾಲಿಸುವ ಬೃಹತ್ ಸಹಕಾರಿ ಸಂಶೋಧನೆ ಅನಿವಾರ್ಯವಾಗಿದೆ. ಅಂಥ ಸಂಶೋಧನೆಯನ್ನು ಹೊಂದಿಸುವ ರೀತಿ ಯಾವುದು? ಪ್ರಕೃತ ಲೇಖನ ಈ ಒಂದು ಪ್ರಶ್ನೆಗೆ ಸೀಮಿತವಾದುದು.

ಪ್ರಯೋಗಶಾಲೆಗಳೊಳಗಿನ ಹೊಂದಾಣಿಕೆಯ ಆವಶ್ಯಕತೆಯನ್ನು ವಿಜ್ಞಾನಿಗಳು ಚೆನ್ನಾಗಿಯೇ ಮನಗಂಡಿದ್ದಾರೆ. ಮಲದ ಮಾದರಿಯಿಂದ ಡಿ.ಎನ್.ಎ. ತೆಗೆಯುವ 21 ವಿಧಾನಗಳನ್ನು ಹೋಲಿಸಿ ನೋಡಿದ 2017ರ ಪರಿಶೀಲನೆಯೊಂದರಲ್ಲಿ, ತೆಗೆಯುವ ವಿಧಾನವೇ ಫಲಿತಾಂಶವನ್ನು ಬಲವಾಗಿ ಬದಲಿಸುವುದೆಂದು ಸಿದ್ಧವಾಯಿತು. ಅಳೆಯುವ ಸೇರು ಬೇರೆಯಾದರೆ ಒಂದೇ ರಾಶಿಯ ಲೆಕ್ಕವೂ ಬೇರೆಯಾಗುವುದಷ್ಟೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಏಕರೂಪತೆ ಇರತಕ್ಕದ್ದು; ಇದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಆಕ್ಷೇಪವಿರುವುದು ಈ ಏಕರೂಪತೆಯನ್ನು ಊರಿಗೂ ಮನೆಬಾಗಿಲಿಗೂ ವಿಸ್ತರಿಸುವ ಪ್ರವೃತ್ತಿಯ ಬಗ್ಗೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ 14 ಜಿಲ್ಲೆಗಳ 7,009 ಜನರ ಕರುಳಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ ಗಮನಾರ್ಹವಾದ ಸಂಗತಿಯೊಂದನ್ನು ಪ್ರಕಟಿಸಿದರು. ವ್ಯಕ್ತಿವ್ಯಕ್ತಿಗಳ ನಡುವಣ ಭೇದಕ್ಕೆ ಅತಿ ಹೆಚ್ಚು ಸಂಬಂಧ ತೋರಿದುದು ಅವರು ವಾಸಿಸುವ ಸ್ಥಳ. ಒಂದು ಜಿಲ್ಲೆಯ ಜನರಿಂದ ರೂಪಿಸಿದ ರೋಗಸೂಚಕ ಮಾದರಿ ಅದೇ ಪ್ರಾಂತದ ಮತ್ತೊಂದು ಜಿಲ್ಲೆಗೆ ಸರಿಹೊಂದಲಿಲ್ಲ.

ಈ ಮಾತನ್ನು ಕರ್ಣಾಟಕಕ್ಕೆ ಅನ್ವಯಿಸಿ ನೋಡೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷಕ್ಕೆ ಮೇಲ್ಪಟ್ಟ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯಿಂದ ಒಂದು ಅಧ್ಯಯನವನ್ನು ಕೈಗೊಂಡಿದೆ. ಪಟ್ಟಣದ ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ ಹಳ್ಳಿಯನ್ನೇ ಆರಿಸಿಕೊಂಡ ಈ ಕಾರ್ಯ ಶ್ಲಾಘನೀಯವಾದುದು. ಇಂಥ ಅಡಿಪಾಯದ ಮೇಲೆ ನಾಳೆ ಕರುಳಿನ ಸಂಶೋಧನೆಯ ಕಟ್ಟಡವೇಳಬಹುದು. ಆದರೆ ಶ್ರೀನಿವಾಸಪುರದ ಫಲಿತಾಂಶವು ಜಮಖಂಡಿ ತಾಲ್ಲೂಕಿನ ತುಬಚಿಗೆ ಸಲ್ಲುವುದೆಂದು ಯಾರೂ ಮುಂಚಿತವಾಗಿ ಹೇಳಲಾಗದು. ಅಲ್ಲಿಯದು ರಾಗಿಯ ಮುದ್ದೆ; ಇಲ್ಲಿಯದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮಜ್ಜಿಗೆ. ಅಲ್ಲಿ ಮಳೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿದ ಬಯಲು. ಇಲ್ಲಿ ಕೃಷ್ಣೆಯ ನೀರುಂಡು ಕಬ್ಬು ಬೆಳೆಯುವ ನೆಲ. ಆಹಾರದ ಪ್ರಶ್ನಾವಳಿಯಲ್ಲಿ ‘ಧಾನ್ಯ’ ಎಂಬ ಒಂದೇ ಮನೆಯಿದ್ದರೆ ರಾಗಿಯೂ ಜೋಳವೂ ಅದರೊಳಗೆ ಬಿದ್ದು ಗುರುತಿಲ್ಲದಂತಾಗುವುವು.

ಇದಕ್ಕಿಂತ ಗಂಭೀರವಾದುದು ಬುದ್ಧಿಶಕ್ತಿಯನ್ನು ಅಳೆಯುವ ಪ್ರಶ್ನೆ. 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ಮುಂತಾದವರು ರಚಿಸಿದ ಪ್ರಸಿದ್ಧ ಪರೀಕ್ಷೆಯಲ್ಲಿ ಓದುವ, ಬರೆಯುವ, ಕಳೆಯುವ ಲೆಕ್ಕ ಮಾಡುವ ಅಂಶಗಳಿವೆ. ಹರಿಯಾಣದ ಬಲ್ಲಭಗಢದ ನಿರಕ್ಷರ ಗ್ರಾಮಸ್ಥರಿಗಾಗಿ ಅದನ್ನು ಹಿಂದಿಯಲ್ಲಿ ಬೇರೆಯಾಗಿಯೇ ಕಟ್ಟಬೇಕಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಆಶ್ರಯದಲ್ಲಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಸಿದ್ಧವಾದ ಪರೀಕ್ಷಾಸಮೂಹದ ವಿವರ 2020ರಲ್ಲಿ ಪ್ರಕಟವಾಯಿತು. ಇದು ದೊಡ್ಡ ಮುನ್ನಡೆ. ಆದರೂ ಕನ್ನಡವೆಂಬುದು ಒಂದೇ ನುಡಿಯಲ್ಲ. ಚಿತ್ರ ತೋರಿಸಿ ಹೆಸರು ಕೇಳಿದಾಗ ತುಬಚಿಯ ಮುದುಕಿ ‘ಶೇಂಗಾ’ ಎಂದಳೆನ್ನೋಣ. ಪರೀಕ್ಷಕನ ಹಾಳೆಯಲ್ಲಿ ‘ಕಡಲೆಕಾಯಿ’ ಎಂದಿದ್ದರೆ ಅವಳು ತಪ್ಪಿದಳೆ? ಆಗಸ್ಟ್ ತಿಂಗಳ ಹೆಸರು ಹೇಳಲಾರದೆ ಶ್ರಾವಣವೆಂದವಳು ಕಾಲಜ್ಞಾನವಿಲ್ಲದವಳೆ?

ಇಲ್ಲಿಯೇ ಅಪಾಯದ ಮೂಲವಿದೆ. ಅಕ್ಷರ ಬಾರದ ಕಾರಣದಿಂದ ಅವಳು ಮರೆಗುಳಿಗಳ ಪಟ್ಟಿಗೆ ಸೇರಿದಳೆಂದರೆ, ಅವಳ ಕರುಳಿನ ಮಾದರಿಯೂ ರೋಗಿಯ ಮಾದರಿಯೆಂದೇ ಪ್ರಯೋಗಶಾಲೆಗೆ ಹೋಗುತ್ತದೆ. ಅವಳಂತೆಯೇ ನಿರಕ್ಷರರಾಗಿ, ಅವಳಂತೆಯೇ ಜೋಳವುಂಡು ಬಾಳಿದವರ ಮಾದರಿಗಳೂ ಅದರ ಜೊತೆಗೂಡುತ್ತವೆ. ಕೊನೆಗೆ ಯಂತ್ರಗಳು ಅತ್ಯಂತ ನಿಖರವಾಗಿ ಲೆಕ್ಕಹಾಕಿ, ಜೋಳ ಉಣ್ಣುವ ಬಡವರ ಕರುಳಿನ ಜೀವಿಗಳೇ ಮರೆವಿನ ಕುರುಹೆಂದು ಸಾರಬಹುದು. ಶಾಲೆಯ ಅಭಾವವನ್ನು ಹೊಟ್ಟೆಯ ದೋಷವೆಂದು ಬರೆದಂತಾಗುವುದು. ಮಾದರಿಗಳ ಸಂಖ್ಯೆ ಹೆಚ್ಚಿದಷ್ಟೂ ಇಂಥ ತಪ್ಪು ಕರಗುವುದಿಲ್ಲ, ಮತ್ತಷ್ಟು ಗಟ್ಟಿಯಾಗುತ್ತದೆ.

ಹಾಗಾದರೆ ಸಂಯೋಜನೆಯ ಸರಿಯಾದ ಕ್ರಮವೇನು? ಮಾದರಿಯನ್ನು ಶೇಖರಿಸುವ, ಶೈತ್ಯದಲ್ಲಿಡುವ, ವಿಶ್ಲೇಷಿಸುವ ವಿಧಾನಗಳು ಎಲ್ಲೆಡೆಯೂ ಒಂದೇ ಆಗಿರಲಿ. ತುಬಚಿಯಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಮೀರಿದ ದಾರಿ. ಅಷ್ಟು ದೂರವೂ ಮಾದರಿ ಕೆಡದಿರುವ ಏರ್ಪಾಡು ಮೊದಲೇ ಆಗಿರಬೇಕು. ಆದರೆ ಪ್ರಶ್ನೆಗಳ ನುಡಿ, ಆಹಾರದ ಅಳತೆ, ಓದುಬರೆಹದ ಲೆಕ್ಕ ಇವು ಆಯಾ ಸ್ಥಳದಲ್ಲಿ, ಆ ಸ್ಥಳವನ್ನು ಬಲ್ಲವರಿಂದ ರೂಪುಗೊಳ್ಳಲಿ. ಆ ಬಳಿಕ ಅವು ಒಂದೇ ಅಂಶವನ್ನು ಅಳೆಯುವುವೆ ಎಂಬುದನ್ನು ಪರಸ್ಪರ ಒರೆಗೆ ಹಚ್ಚಿ ನೋಡಬೇಕು. ಸ್ಥಳವನ್ನು ಲೆಕ್ಕದಿಂದ ತೊಡೆದುಹಾಕಬೇಕಾದ ತೊಡಕೆಂದು ಎಣಿಸದೆ, ಅರಿಯಬೇಕಾದ ವಿಷಯವೆಂದೇ ಆರಂಭದಿಂದ ಪರಿಗಣಿಸತಕ್ಕದ್ದು.

ಸಹಕಾರವೆಂಬ ಪದದಲ್ಲಿ ಸಮಪಾಲಿನ ಅರ್ಥವಿದೆ. ತುಬಚಿಯಂಥ ಊರು ಮಾದರಿಯ ನಳಿಕೆಗಳನ್ನು ಒದಗಿಸುವ ಕಣಜ ಮಾತ್ರವಾಗಿ ಉಳಿದರೆ ಅದು ಸಹಕಾರವಲ್ಲ, ಸಂಗ್ರಹ. ಏನು ಕೇಳಬೇಕೆಂಬುದರಲ್ಲಿಯೂ ಏನು ಕಂಡಿತೆಂಬುದರಲ್ಲಿಯೂ ಆ ಊರಿಗೆ ಭಾಗವಿದ್ದಾಗಲೇ ಸಂಶೋಧನೆಯ ಫಲ ಅಲ್ಲಿಯ ಮುದುಕಿಗೂ ಸಲ್ಲುವುದೆಂದು ನಮ್ಮ ದೃಢವಾದ ಅಭಿಪ್ರಾಯ.