ರ‍್ಯಾಂಬೋ ಮರೆತ ಕಣ್ಣೀರು

ರ‍್ಯಾಂಬೋ ಎಂದೊಡನೆ ನಿಮ್ಮ ಕಣ್ಮುಂದೆ ನಿಲ್ಲುವುದು ಹಣೆಗೆ ಪಟ್ಟಿ ಕಟ್ಟಿ, ಬರಿಮೈಯಲ್ಲಿ ಬಂದೂಕು ಹಿಡಿದ ಸಿಲ್ವೆಸ್ಟರ್ ಸ್ಟಲೋನ್ ಅವರ ರೂಪವೇ ಅಲ್ಲವೇ? 2012ರಲ್ಲಿ ಶರಣ್ ನಾಯಕರಾಗಿದ್ದ ನಮ್ಮ ಕನ್ನಡದ ಹಾಸ್ಯಚಿತ್ರವೂ ಇದೇ ಹೆಸರನ್ನು ಹೊತ್ತು ಬಂದಿತ್ತು. ಹೆಸರೇನೋ ಇಷ್ಟು ದೂರ ಪಯಣಿಸಿತು. ಅದರ ಹಿಂದಿದ್ದ ದುಃಖ ಮಾತ್ರ ಮೊದಲ ಚಿತ್ರದಲ್ಲಿಯೇ ಉಳಿಯಿತು.

1982ರ ಆ ಚಿತ್ರ ‘ಫಸ್ಟ್ ಬ್ಲಡ್’. ವಿಯೆಟ್ನಾಂ ಯುದ್ಧದಿಂದ ಮರಳಿದ ಜಾನ್ ರ‍್ಯಾಂಬೋ ತನ್ನ ಜೊತೆಗಾರ ಸೈನಿಕನನ್ನು ಅರಸಿ ಹೊರಡುತ್ತಾನೆ. ಆತ ಕ್ಯಾನ್ಸರಿನಿಂದ ಸತ್ತಿರುವ ಸುದ್ದಿ ತಿಳಿಯುತ್ತದೆ. ಮುಂದಿನ ಊರಿನಲ್ಲಿ ಪೊಲೀಸರು ಅವನನ್ನು ಅಲೆಮಾರಿಯೆಂದು ಹಿಡಿದು ಹಿಂಸಿಸುತ್ತಾರೆ, ಅವನು ಕಾಡು ಸೇರುತ್ತಾನೆ. ಕೊನೆಗೆ ಕರ್ನಲ್ ಟ್ರಾಟ್‌ಮನ್‌ರ ಮುಂದೆ ಕುಸಿದು, ತನ್ನ ಕೈಗಳಲ್ಲೇ ಸತ್ತ ಗೆಳೆಯನನ್ನು ನೆನೆದು ಮಗುವಿನಂತೆ ಅಳುತ್ತಾನೆ. ಡೇವಿಡ್ ಮೊರೆಲ್ ಅವರ 1972ರ ಮೂಲ ಕಾದಂಬರಿಯಲ್ಲಿ ರ‍್ಯಾಂಬೋ ಸಾಯುತ್ತಾನೆ. ಚಿತ್ರಕ್ಕೂ ಅಂಥ ಮುಕ್ತಾಯವನ್ನು ಚಿತ್ರೀಕರಿಸಿ, ಬಳಿಕ ಕೈಬಿಡಲಾಯಿತು. ಅವನು ಬದುಕಿದ್ದರಿಂದಲೇ ಉಳಿದ ನಾಲ್ಕು ಚಿತ್ರಗಳು ಹುಟ್ಟಿದವು. 1985 ಮತ್ತು 1988ರ ಚಿತ್ರಗಳು ಆ ಅಳುವ ಮನುಷ್ಯನನ್ನು ಸೋಲರಿಯದ ವೀರನನ್ನಾಗಿಸಿದವು. ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

2008ರ ನಾಲ್ಕನೆಯ ಚಿತ್ರ ನಮ್ಮಂಥವರನ್ನು ನೇರವಾಗಿಯೇ ತಟ್ಟುತ್ತದೆ. ಬರ್ಮಾದ ಕರೆನ್ ಜನರಿಗೆ ಔಷಧಿ ಒಯ್ಯುವ ಕ್ರೈಸ್ತ ಸೇವಕರನ್ನು ರ‍್ಯಾಂಬೋ ದೋಣಿಯಲ್ಲಿ ದಾಟಿಸುತ್ತಾನೆ. ಕೊಲ್ಲುವುದು ಎಂದಿಗೂ ಸರಿಯಲ್ಲ ಎಂದು ಅವನನ್ನು ಖಂಡಿಸಿದ ಸೇವಕನೇ ಕೊನೆಯಲ್ಲಿ ಕಲ್ಲೆತ್ತಿ ಸೈನಿಕನೊಬ್ಬನನ್ನು ಜಜ್ಜಿ ಕೊಲ್ಲುತ್ತಾನೆ. ಚಿತ್ರ ರಕ್ತಮಯವೇ ಸರಿ. ಆದರೂ ಆ ಸೇವಕನ ಮುಖದಲ್ಲಿ ಸಂಭ್ರಮವಿಲ್ಲ, ಅವನೊಳಗೆ ಏನೋ ಮುರಿದಿದೆ. ಬಳಿಕ ರ‍್ಯಾಂಬೋ ಅರಿಜೋನಾದಲ್ಲಿರುವ ತಂದೆಯ ಮನೆಯ ಹಾದಿ ಹಿಡಿಯುತ್ತಾನೆ. ಕಥೆ ಅಲ್ಲಿಗೇ ನಿಲ್ಲಬೇಕಿತ್ತು.

ನಿಲ್ಲಲಿಲ್ಲ. ಏಡ್ರಿಯನ್ ಗ್ರುನ್‌ಬರ್ಗ್ ನಿರ್ದೇಶಿಸಿದ ‘ಲಾಸ್ಟ್ ಬ್ಲಡ್’ 2019ರಲ್ಲಿ ಬಂದಿತು. ಅದರ ಆರಂಭವನ್ನು ನಾನು ಆಸೆಯಿಂದಲೇ ನೋಡಿದೆ. ವೃದ್ಧ ರ‍್ಯಾಂಬೋ ಕುದುರೆಗಳನ್ನು ಪಳಗಿಸುತ್ತಾನೆ, ಮನಸ್ಸಿನ ಗಾಯಕ್ಕೆ ಗುಳಿಗೆ ನುಂಗುತ್ತಾನೆ, ಮನೆಯ ಕೆಳಗೆ ತಾನೇ ಕೊರೆದ ಸುರಂಗಗಳಲ್ಲಿ ದಿನ ಕಳೆಯುತ್ತಾನೆ. ಯುದ್ಧವನ್ನು ಬಿಟ್ಟು ಬರಲಾಗದವನ ಬದುಕಿಗೆ ಇದಕ್ಕಿಂತ ಒಳ್ಳೆಯ ರೂಪಕ ಬೇಕೆ? ಆದರೆ ಚಿತ್ರಕಾರರಿಗೆ ಆ ಸುರಂಗಗಳು ಬೇಕಾದದ್ದು ಕೊನೆಯಲ್ಲಿ ಶತ್ರುಗಳನ್ನು ಬೋನಿಗೆ ಬೀಳಿಸುವುದಕ್ಕೆ ಮಾತ್ರ!

ಅವನು ಮಗಳಂತೆ ಸಾಕಿದ ಗೇಬ್ರಿಯೆಲಾ ತಂದೆಯನ್ನು ಹುಡುಕಿಕೊಂಡು ಮೆಕ್ಸಿಕೋಗೆ ಹೋಗಿ, ಹೆಣ್ಣುಮಕ್ಕಳನ್ನು ಮಾರುವವರ ಕೈಗೆ ಸಿಲುಕುತ್ತಾಳೆ; ಬಿಡಿಸಿಕೊಂಡು ತರುವ ದಾರಿಯಲ್ಲಿಯೇ ಸಾಯುತ್ತಾಳೆ. ಅವಳನ್ನು ಬೆಳೆಸಿದ ಅಜ್ಜಿ ಮರಿಯಾಳ ಶೋಕಕ್ಕೆ ಚಿತ್ರದಲ್ಲಿ ಎಷ್ಟು ನಿಮಿಷಗಳಿವೆ? ಬೇಗನೆ ಅವಳನ್ನು ಮನೆಯಿಂದ ಸಾಗಹಾಕಲಾಗುತ್ತದೆ, ಏಕೆಂದರೆ ಮನೆ ಈಗ ಕದನರಂಗವಾಗಬೇಕು. ಅದೇ ಪಾತಕಿಗಳಿಂದ ತಂಗಿಯನ್ನು ಕಳೆದುಕೊಂಡ ಪತ್ರಕರ್ತೆ ಕಾರ್ಮೆನ್ ಕೂಡ ವೈರಿಯ ವಿಳಾಸ ತೋರಿಸುವಷ್ಟಕ್ಕೇ ಬೇಕಾದವಳು. ಮೆಕ್ಸಿಕೋ ಎಂಬ ದೇಶವೇ ಪಾತಕಿಗಳ ಬಿಡಾರವೆಂಬಂತೆ ಕಾಣುತ್ತದೆ. ಕೊನೆಗೆ ರ‍್ಯಾಂಬೋ ವೈರಿಯ ಎದೆ ಸೀಳಿ ಹೃದಯವನ್ನೇ ಕಿತ್ತು ತೆಗೆಯುತ್ತಾನೆ.

ನನ್ನ ಆಕ್ಷೇಪ ರಕ್ತದ ಬಗ್ಗೆಯಷ್ಟೇ ಅಲ್ಲ. ನಾವು ನಾಚಿಕೆಯಿಲ್ಲದೆ ಕೊಲೆಗಳನ್ನು ಸವಿಯಲೆಂದು ಒಬ್ಬ ಹುಡುಗಿಯನ್ನು ಸಾಯಿಸಲಾಗಿದೆ. ಹೆಣ್ಣುಮಕ್ಕಳ ಮಾರಾಟ ನಿಜವಾದ ನೋವು. ಅದನ್ನು ಇಲ್ಲಿ ನೆಪವಾಗಿ ಬಳಸಲಾಗಿದೆ. ಈ ಚಿತ್ರದೊಂದಿಗೆ ತಮ್ಮ ಹೆಸರು ಸೇರಿರುವುದೇ ಮುಜುಗರವೆಂದು ಸ್ವತಃ ಮೊರೆಲ್ ಬಹಿರಂಗವಾಗಿ ತಿಳಿಸಿದರು. ತಾನು ಸೃಷ್ಟಿಸಿದ ಪಾತ್ರದ ಬಗ್ಗೆ ಲೇಖಕನೊಬ್ಬ ಹಾಗೆ ಹೇಳಬೇಕಾದರೆ ಎಷ್ಟು ನೊಂದಿರಬೇಕು!

ಗಾಯಗೊಂಡ ರ‍್ಯಾಂಬೋ ಮನೆಯ ಜಗಲಿಯ ತೂಗುಕುರ್ಚಿಯಲ್ಲಿ ಕೂರುವಲ್ಲಿಗೆ ಚಿತ್ರ ಮುಗಿಯುತ್ತದೆ. ಹೆಸರುಗಳು ಓಡುವಾಗ ಹಳೆಯ ಚಿತ್ರಗಳ ತುಣುಕುಗಳು ಬರುತ್ತವೆ. ನೀವು ಅಲ್ಲಿಯವರೆಗೆ ನೋಡಿದ್ದೇ ಆದರೆ, 1982ರ ಆ ಯುವಕನ ಮುಖವನ್ನು ಒಮ್ಮೆ ಗಮನಿಸಿ.