ಸತ್ತೂ ಇಲ್ಲ, ಬದುಕಿಯೂ ಇಲ್ಲ: ಮಾರಿಯಾನಾ ಎನ್ರಿಕೆಸ್ ಅವರ ದೆವ್ವದ ಕತೆಗಳು

ಅರ್ಜೆಂಟೀನಾವನ್ನು 1976ರಿಂದ 1983ರವರೆಗೆ ಆಳಿದ ಸೇನೆ ಸಾವಿರಾರು ಜನರನ್ನು ಹೊತ್ತೊಯ್ದು ಕೊಂದಿತು. ಬಹುಪಾಲು ಮನೆಯವರಿಗೆ ಹೆಣವೂ ಸಿಗಲಿಲ್ಲ. ಸರ್ಕಾರಿ ಆಯೋಗದ 1984ರ ವರದಿಯಲ್ಲಿ ದಾಖಲಾದವರು 8,961 ಮಂದಿ; ಮಾನವ ಹಕ್ಕು ಸಂಘಟನೆಗಳ ಲೆಕ್ಕ 30,000. ಕಾಣೆಯಾದವರು ಸತ್ತೂ ಇಲ್ಲ, ಬದುಕಿಯೂ ಇಲ್ಲ ಎಂಬರ್ಥದ ಮಾತನ್ನು ಸರ್ವಾಧಿಕಾರಿ ವಿಡೇಲಾ 1979ರಲ್ಲಿ ಪತ್ರಕರ್ತರೆದುರೇ ಆಡಿದ. ಅಜ್ಜಿಕತೆಗಳಲ್ಲಿ ದೆವ್ವದ ಲಕ್ಷಣವೂ ಇದೇ. 1973ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಪತ್ರಕರ್ತೆ, ಕತೆಗಾರ್ತಿ ಮಾರಿಯಾನಾ ಎನ್ರಿಕೆಸ್ ಅವರ ಕತೆಗಳು ಆ ಮಾತನ್ನು ಅಕ್ಷರಶಃ ನಿಜವೆಂದು ನಂಬಿ ಹೊರಟಂತಿವೆ.

2016ರ ‘ಬೆಂಕಿಯಲ್ಲಿ ನಾವು ಕಳೆದುಕೊಂಡದ್ದು’ ಸಂಕಲನದ ‘ವಸತಿಗೃಹ’ ಇದಕ್ಕೆ ಒಳ್ಳೆಯ ಉದಾಹರಣೆ. ಸರ್ವಾಧಿಕಾರದ ಕಾಲದಲ್ಲಿ ಆ ಕಟ್ಟಡ ಪೊಲೀಸ್ ಶಾಲೆಯಾಗಿತ್ತೆಂದು ಪ್ರವಾಸಿಗರಿಗೆ ಹೇಳಿದ ಮಾರ್ಗದರ್ಶಿಯ ಕೆಲಸ ಹೋಗುತ್ತದೆ. ಸೇಡಿಗೆಂದು ಅವನ ಮಗಳು ಗೆಳತಿಯೊಡನೆ ರಾತ್ರಿ ಒಳಹೊಕ್ಕು ಹಾಸಿಗೆಗಳೊಳಗೆ ಮಾಂಸ ತುರುಕುತ್ತಾಳೆ, ಕೊಳೆತು ನಾರಲಿ ಎಂದು. ಹುಡುಗಾಟಿಕೆಯೇ. ಅಷ್ಟರಲ್ಲಿ ಹೊರಗೆ ವಾಹನದ ಬೆಳಕು, ಓಡುವ ಕಾಲುಗಳು, ಕಿಟಕಿ ಬಡಿಯುವ ಸದ್ದು. ಬೇರಾರಿಗೂ ಅದು ಕೇಳಿಸಿಲ್ಲ. ಲೇಖಕಿ ಒಂದು ಮುಖವನ್ನೂ ತೋರಿಸುವುದಿಲ್ಲ, ವಿವರಣೆಯನ್ನೂ ಕೊಡುವುದಿಲ್ಲ. ಮಾಲೀಕರು ಮುಚ್ಚಿಟ್ಟ ಚರಿತ್ರೆ ಆಗಿನ್ನೂ ಹುಟ್ಟಿರದಿದ್ದ ಹುಡುಗಿಯರ ಕಿವಿಗೆ ಬೀಳುತ್ತದೆ.

‘ಸತ್ತವರೊಡನೆ ಮಾತಾಡುತ್ತಿದ್ದಾಗ’ (ಇದು 2009ರ ಸಂಕಲನದ್ದು) ಇನ್ನೂ ಕಟುವಾದ ಕತೆ. ಐವರು ಹುಡುಗಿಯರು ಪ್ರೇತಗಳನ್ನು ಕರೆಯುವ ಹಲಗೆ ಹಿಡಿದು, ಒಬ್ಬಳ ಕಾಣೆಯಾದ ತಂದೆತಾಯಿಯ ಹೆಣ ಎಲ್ಲಿದೆಯೆಂದು ಕೇಳುತ್ತಾರೆ. ಯಾರನ್ನೂ ಹೀಗೆ ಕಳೆದುಕೊಳ್ಳದ ಒಬ್ಬಳೇ ಅಲ್ಲಿ ಹೊರಗಿನವಳು. ಭಯಂಕರವಾದದ್ದು ಎದುರಾಗುವುದೂ ಅವಳಿಗೇ. ನಷ್ಟವಿಲ್ಲದವಳೇ ಬೇರೆಯಾಗುವಷ್ಟು ನಷ್ಟ ಆ ನಾಡಿನಲ್ಲಿ ಮಾಮೂಲಾಗಿದೆ. ಕನ್ನಡದ ‘ಕಾಣೆಯಾದರು’ ಎಂಬ ಕ್ರಿಯಾಪದದಲ್ಲಿ ಮಾಡಿದವನು ಅಡಗಿಬಿಡುತ್ತಾನೆ. ಈ ಕತೆಗಳಿಗೆ ‘ಕಾಣೆಯಾಗಿಸಿದರು’ ಎಂಬ ಒರಟು ರೂಪವೇ ಬೇಕು.

‘ಕಪ್ಪು ನೀರಿನಡಿ’ ಕತೆಯಲ್ಲಿ ಮಾತ್ರ ಚರಿತ್ರೆಯ ಮೇಲಿನ ಹಿಡಿತ ಸಡಿಲುತ್ತದೆ. ಪೊಲೀಸರು ಇಬ್ಬರು ಬಡ ಹುಡುಗರನ್ನು ಮಲಿನ ರಿಯಾಚುವೆಲೋ ನದಿಗೆ ತಳ್ಳಿದ್ದಾರೆ. ಪ್ರಜಾಪ್ರಭುತ್ವ ಬಂದ ಮೇಲೂ ಪೊಲೀಸರು ಹಳೆಯ ಅಭ್ಯಾಸ ಬಿಟ್ಟಿಲ್ಲ. ತನಿಖೆಗೆ ಹೊರಟ ಸರ್ಕಾರಿ ವಕೀಲೆಯ ಹಿಂದೆ ಕತೆ ಬಿಗಿಯಾಗಿ ಸಾಗುತ್ತದೆ. ಆದರೆ ಕೊನೆಗೆ, ತಳದಲ್ಲಿ ಮಲಗಿದ್ದ ಯಾವುದೋ ಪುರಾತನ ಶಕ್ತಿಯನ್ನು ಅದುಮಿಡಲೆಂದೇ ನದಿಯನ್ನು ಕೆಡಿಸಿದ್ದರೆಂಬ ಮಾತು ಬರುತ್ತದೆ. ಅಮೆರಿಕದ ಭಯಾನಕ ಕತೆಗಾರ ಲವ್‌ಕ್ರಾಫ್ಟ್‌ನ ನೆರಳು ಇಲ್ಲಿ ದಟ್ಟವಾಗಿದೆ. ದೃಶ್ಯ ಬೆಚ್ಚಿಬೀಳಿಸುತ್ತದೆ, ನಿಜ. ಆದರೆ ನದಿಯಿಂದ ಆ ಶಕ್ತಿ ಮೇಲೇಳುವ ಹೊತ್ತಿಗೆ, ಹುಡುಗರನ್ನು ತಳ್ಳಿದ ಪೊಲೀಸರು ಕತೆಯಿಂದ ಮೆಲ್ಲನೆ ಜಾರಿಕೊಂಡಿರುತ್ತಾರೆ.